ರೋಟರಿ ಎಂಜಿನ್ ಕಾದಾಗ ಮುಳ್ಳು ಕೆಳಗಿಳಿದದ್ದೇಕೆ?

ಪ್ರಶ್ನೆ: ಬಳ್ಳಾರಿ ಜಿಲ್ಲೆಯ ಕುಡತಿನಿ ಹತ್ತಿರ ಶೆಡ್ ಹಾಕಿಕೊಂಡು ಮೂವರು ಸೇರಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಎಂಜಿನ್ ಜಪಾನಿನ ಹಳೆ ಕಾರಿನಿಂದ ಬಂದ ಮಜ್ದಾ 13ಬಿ ರೋಟರಿ, ಟರ್ಬೊ ಇಲ್ಲ. ಎಂಜಿನ್ ತಂಪು ಮಾಡುವ ನೀರು, ಅಂದರೆ ಕೂಲೆಂಟ್, 8 ಲೀಟರ್ ಹಿಡಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ವಿಮಾನವನ್ನು ನೆಲಕ್ಕೆ ಕಟ್ಟಿಹಾಕಿ 4,500 ಆರ್‌ಪಿಎಂನಲ್ಲಿ ಓಡಿಸುವಾಗ ನೀರಿನ ಮುಳ್ಳು 112 ಡಿಗ್ರಿಗೆ ಹೋಯಿತು. ನಿಲ್ಲಿಸಬೇಕು ಅನ್ನುವಷ್ಟರಲ್ಲಿ ತಾನಾಗಿಯೇ 78ಕ್ಕೆ ಇಳಿಯಿತು. ಸರಿಹೋಯಿತೆಂದು ಇನ್ನೂ ಮೂರ್ನಾಲ್ಕು ನಿಮಿಷ ಓಡಿಸಿದೆವು. ಆಮೇಲೆ ನೋಡಿದರೆ ಒಂದೂವರೆ ಲೀಟರ್ ನೀರು ಕಡಿಮೆ ಇತ್ತು. ಈಗ ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹತ್ತುವುದಿಲ್ಲ. ಏನು ಹಾಳಾಗಿದೆ? ಬಿಚ್ಚಲೇಬೇಕೇ? ಮುಂದೆ ಯಾವ ಮೀಟರ್ ಎಲ್ಲಿ ಹಾಕಬೇಕು?

ಉತ್ತರ: ಕೆಳಗೆ ಹೇಳಿದ ಪರೀಕ್ಷೆಗಳು ಮುಗಿಯುವ ತನಕ ಆ ಎಂಜಿನ್ನನ್ನು ಸುಮ್ಮನೆ ಓಡಿಸಿ ನೋಡುವ ಕೆಲಸ ಬೇಡ. ಮುಳ್ಳು 112ರಿಂದ 78ಕ್ಕೆ ಇಳಿದ ಗಳಿಗೆಯಲ್ಲಿ ಎಂಜಿನ್ ತಣ್ಣಗಾಗಲಿಲ್ಲ, ನಿಮ್ಮ ಸೆನ್ಸರ್ ನೀರಿನಿಂದ ಹೊರಗೆ ಬಿತ್ತು. ಸಾಮಾನ್ಯವಾಗಿ ಈ ಸೆನ್ಸರನ್ನು ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ಕವಾಟ) ಕೂರುವ ಮನೆಯಲ್ಲಿ, ಅಂದರೆ ವ್ಯವಸ್ಥೆಯ ಎತ್ತರದ ಜಾಗದಲ್ಲಿ ಹಾಕಿರುತ್ತಾರೆ. ಒಳಗೆ ನೀರು ಕುದಿದು ರೇಡಿಯೇಟರ್ ಕ್ಯಾಪ್ ಮೂಲಕ ಒಂದೂವರೆ ಲೀಟರ್ ಹೊರಟುಹೋದ ಮೇಲೆ ಅಲ್ಲಿ ಉಳಿಯುವುದು ಆವಿ ಮತ್ತು ಗಾಳಿ ಬೆರೆತ ಗುಳ್ಳೆ. ಗುಳ್ಳೆಯಿಂದ ಸೆನ್ಸರಿಗೆ ಶಾಖ ಹೋಗುವುದು ತೀರಾ ಕಡಿಮೆ. ಹೊರಗಿನಿಂದ ಪ್ರೊಪೆಲ್ಲರ್ ಗಾಳಿ ಆ ಲೋಹವನ್ನು ತಂಪು ಮಾಡುತ್ತಲೇ ಇರುತ್ತದೆ. ಹಾಗಾಗಿ ಮುಳ್ಳು ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಸ್ಪಾರ್ಕ್ ಪ್ಲಗ್ ಸುತ್ತಲಿನ ಲೋಹ ಎಲ್ಲಿಗೆ ಏರಿತು ಎಂದು ನೋಡುವ ಕಣ್ಣು ನಿಮ್ಮ ಪ್ಯಾನೆಲ್‌ನಲ್ಲಿ ಇರಲಿಲ್ಲ.

ನಿಮ್ಮ ಪಕ್ಕದಲ್ಲೇ ಇರುವ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುವ ಯಾರನ್ನಾದರೂ ಕೇಳಿ. ಬರೀ ಉಷ್ಣಾಂಶ ನೋಡಿಕೊಂಡು ಅಲ್ಲಿ ಯಾರೂ ಪಾಳಿ ಮುಗಿಸುವುದಿಲ್ಲ. ಡ್ರಮ್‌ನಲ್ಲಿ ನೀರಿನ ಮಟ್ಟ ಎಷ್ಟಿದೆ, ಒತ್ತಡ ಎಷ್ಟಿದೆ, ಆಮೇಲೆ ಉಷ್ಣಾಂಶ. ನೀರಿನಿಂದ ತಂಪಾಗುವ ವಿಮಾನದ ಎಂಜಿನ್‌ಗೂ ಇದೇ ಕ್ರಮ ಬೇಕು. ಒಂದೇ ಮುಳ್ಳನ್ನು ನಂಬಿದ್ದು ನಿಮ್ಮ ಮೂವರ ತಪ್ಪು ಮಾತ್ರವಲ್ಲ, ಕಾರಿನ ಎಂಜಿನ್ನನ್ನು ವಿಮಾನಕ್ಕೆ ಹಾಕುವವರಲ್ಲಿ ಇದು ತುಂಬ ಕಾಣಿಸುವ ತಪ್ಪು.

ಇಷ್ಟಾದರೂ ಎಂಜಿನ್ ಯಾಕೆ ಹಿಡಿದುಕೊಳ್ಳಲಿಲ್ಲ ಎಂಬ ಪ್ರಶ್ನೆ ಸಹಜ. ಪಿಸ್ಟನ್ ಎಂಜಿನ್ ಅತಿಯಾಗಿ ಕಾದರೆ ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಬೋರ್‌ನಲ್ಲಿ ಸಿಕ್ಕಿಬೀಳುತ್ತದೆ. 13ಬಿಯಲ್ಲಿ ಲೆಕ್ಕ ತಿರುಗಾಮುರುಗಾ. ಪಿಸ್ಟನ್ ಬದಲಿಗೆ ತಿರುಗುವ ಮೂರು ಮುಖದ ರೋಟರ್ ಎರಕದ ಕಬ್ಬಿಣದ್ದು, ಅದರ ಸುತ್ತಲಿನ ಹೌಸಿಂಗ್, ಅಂದರೆ ಕವಚ, ಅಲ್ಯೂಮಿನಿಯಂ. ಕಾದಂತೆಲ್ಲ ಹೌಸಿಂಗ್ ಹೆಚ್ಚು ಹಿಗ್ಗುತ್ತದೆ, ರೋಟರಿಗೆ ಜಾಗ ಇನ್ನೂ ಸಡಿಲವಾಗುತ್ತದೆ. ಅದಕ್ಕೇ ನೀರೆಲ್ಲ ಹೋದರೂ ಶಕ್ತಿ ಕೊಡುತ್ತಾ ಇನ್ನಷ್ಟು ಹೊತ್ತು ತಿರುಗುತ್ತದೆ. ಆಕಾಶದಲ್ಲಿರುವವರಿಗೆ ಇದು ಜೀವ ಉಳಿಸುವ ಗುಣ. ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಅದು ಮತ್ತೆ ಹತ್ತುವುದಿಲ್ಲ, ಏಕೆಂದರೆ ರೋಟರ್ ಅಂಚಿನಲ್ಲಿ ಅನಿಲ ಸೋರದಂತೆ ತಡೆಯುವ ಸೀಲುಗಳ ಕೆಳಗಿನ ಸ್ಪ್ರಿಂಗುಗಳು ಅಷ್ಟರಲ್ಲಿ ಸೋತಿರುತ್ತವೆ. ನೀವು ಬರೆದ ಲಕ್ಷಣ ಇದಕ್ಕೆ ಹತ್ತಿರ ಇದೆ.

ಹಾನಿ ಎಲ್ಲಿ ಆಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪರೀಕ್ಷೆಯ ಅರ್ಥ ಆಗುವುದು ಅದರಿಂದಲೇ. ರೋಟರಿಯಲ್ಲಿ ಹೀರುವ ಕೆಲಸ ಒಂದು ಕಡೆ, ಉರಿಯುವ ಕೆಲಸ ಸದಾ ಇನ್ನೊಂದು ಕಡೆ. ಶಾಫ್ಟ್‌ನ ಒಂದು ಸುತ್ತಿಗೆ ಪ್ರತಿ ರೋಟರ್‌ನಲ್ಲಿ ಒಂದು ಉರಿ. ನೀವು ಓಡಿಸಿದ 4,500 ಆರ್‌ಪಿಎಂನಲ್ಲಿ ಪ್ಲಗ್ ಸುತ್ತಲಿನ ಅದೇ ಅಂಗೈಯಗಲದ ಲೋಹದ ಮುಂದೆ ಸೆಕೆಂಡಿಗೆ 75 ಸಲ ಬೆಂಕಿ. ನಡುವೆ ತಣ್ಣನೆಯ ಗಾಳಿ ಬಂದು ತೊಳೆಯುವುದಿಲ್ಲ. ಎಲ್ಲ ಸರಿ ಇದ್ದಾಗಲೂ ಅಲ್ಲಿನ ನೀರು ಲೋಹಕ್ಕೆ ತಾಗಿದ ಕಡೆ ಸಣ್ಣ ಗುಳ್ಳೆಗಳಾಗಿ ಕುದಿಯುತ್ತಾ, ಪಕ್ಕದ ನೀರಿನಲ್ಲಿ ಕರಗುತ್ತಾ ಶಾಖ ಒಯ್ಯುತ್ತಿರುತ್ತದೆ. ಒತ್ತಡ ಕುಸಿದ ಕೂಡಲೇ ಸಣ್ಣ ಗುಳ್ಳೆಗಳು ಸೇರಿ ಆವಿಯ ಪದರವಾಗುತ್ತವೆ. ಪದರದ ಆಚೆ ನೀರಿದ್ದರೂ ಲೋಹಕ್ಕೆ ಅದು ತಾಗುವುದಿಲ್ಲ.

13ಬಿಯ ಮೈ ಒಂದೇ ತುಂಡಲ್ಲ. ಕಬ್ಬಿಣದ ತಟ್ಟೆ, ಅಲ್ಯೂಮಿನಿಯಂ ಹೌಸಿಂಗ್, ಕಬ್ಬಿಣ, ಅಲ್ಯೂಮಿನಿಯಂ, ಕಬ್ಬಿಣ ಎಂದು ಐದು ತುಂಡು ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಹೌಸಿಂಗ್‌ನ ದಪ್ಪ 80 ಮಿ.ಮೀ. ಪ್ಲಗ್ ಹತ್ತಿರದ ಲೋಹ ವಾಡಿಕೆಗಿಂತ 60 ಡಿಗ್ರಿ ಹೆಚ್ಚು ಕಾದರೆ ಅಲ್ಯೂಮಿನಿಯಂ ಸುಮಾರು 0.11 ಮಿ.ಮೀ. ದಪ್ಪಗಾಗುತ್ತದೆ. ಉಕ್ಕಿನ ಬೋಲ್ಟು ಅಷ್ಟೇ ಕಾದರೂ ಅದೇ ಉದ್ದಕ್ಕೆ 0.06 ಮಿ.ಮೀ. ಕೂಡ ಹಿಗ್ಗುವುದಿಲ್ಲ, ಮೇಲಾಗಿ ಅದು ಅಷ್ಟು ಕಾಯುವುದೂ ಇಲ್ಲ. ಕಬ್ಬಿಣದ ಎರಡು ತಟ್ಟೆಗಳ ನಡುವೆ ಅಲ್ಯೂಮಿನಿಯಂ ಹಿಂಡಿಸಿಕೊಂಡು ಅಲ್ಲೇ ತಗ್ಗಾಗುತ್ತದೆ. ತಣ್ಣಗಾದ ಮೇಲೆ ಆ ಜಾಗ ಮೊದಲಿಗಿಂತ ತೆಳ್ಳಗಾಗಿರುತ್ತದೆ. ಬೆಂಕಿಗೂ ನೀರಿಗೂ ಮಧ್ಯೆ ಗೋಡೆಯಾಗಿ ಇರುವುದು ಅಲ್ಲಿನ ಒಳ ರಬ್ಬರ್ ಉಂಗುರ ಒಂದೇ. ಕಾದು ಗಡುಸಾದ ಉಂಗುರಕ್ಕೆ ಬಿಗಿತವೂ ತಪ್ಪಿದರೆ ಸೋರಿಕೆ ಶುರು.

ಇನ್ನೊಂದು ಹಾನಿ ರೋಟರ್ ಒಳಗಿನದು. ರೋಟರನ್ನು ತಂಪು ಮಾಡುವುದು ನೀರಲ್ಲ, ಆಯಿಲ್. ಶಾಫ್ಟ್‌ನಲ್ಲಿರುವ ಜೆಟ್‌ಗಳಿಂದ ಆಯಿಲ್ ರೋಟರ್ ಹೊಟ್ಟೆಗೆ ಚಿಮ್ಮುತ್ತದೆ. ಎಂಜಿನ್ ಹೊರಗೆ ಹಾಕಬೇಕಾದ ಶಾಖದಲ್ಲಿ ಮೂರನೇ ಒಂದು ಭಾಗದಷ್ಟು ಆಯಿಲ್ ಪಾಲಿನದು. ಆಯಿಲ್ ಅತಿಯಾಗಿ ಕಾದರೆ ರೋಟರ್ ಪಕ್ಕದ ಆಯಿಲ್ ಉಂಗುರಗಳ ಒಳಗಿನ ರಬ್ಬರ್ ಓ-ರಿಂಗ್‌ಗಳು ಪ್ಲಾಸ್ಟಿಕ್‌ನಂತೆ ಗಡುಸಾಗುತ್ತವೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ. ನಿಮ್ಮ ಪತ್ರದಲ್ಲಿ ಆಯಿಲ್ ಉಷ್ಣಾಂಶದ ಮಾತೇ ಇಲ್ಲ. ಆ ದಿನದ ಅಂಕಿ ಬರೆದಿಟ್ಟಿದ್ದರೆ ಹುಡುಕಿ. ಹಳೆಯ ಕೆಲವು 13ಬಿಗಳಲ್ಲಿ ಶಾಫ್ಟ್ ಮುಂತುದಿಯಲ್ಲಿ ಉಷ್ಣಾಂಶಕ್ಕೆ ತೆರೆದು ಮುಚ್ಚುವ ಒಂದು ಪುಟ್ಟ ಕವಾಟ ಇರುತ್ತದೆ. ಎಂಜಿನ್ ಬಿಸಿಯೇರುವ ತನಕ ರೋಟರ್‌ಗೆ ಆಯಿಲ್ ಚಿಮ್ಮದಂತೆ ಅದು ತಡೆಯುತ್ತದೆ. ಅದು ಸಿಕ್ಕಿಕೊಂಡರೆ ರೋಟರ್‌ಗೆ ತಂಪೇ ಇಲ್ಲ, ಗೇಜ್‌ನಲ್ಲೂ ಏನೂ ಕಾಣದು. ವಿಮಾನಕ್ಕೆ ಹಾಕುವವರು ಅದನ್ನು ತೆಗೆದು ಗಟ್ಟಿ ತುಂಡು ಕೂರಿಸುವುದು ರೂಢಿ. ನಿಮ್ಮದರಲ್ಲಿ ಏನಿದೆ ಎಂದು ಬಿಚ್ಚಿದಾಗ ನೋಡಿ.

ಇನ್ನು ಪರೀಕ್ಷೆಗಳು. ಪ್ರೊಪೆಲ್ಲರ್ ಜೋಡಿಸಿರುವ ಎಂಜಿನ್ ಇದು. ಚಕ್ರಗಳಿಗೆ ಅಡ್ಡಗಲ್ಲು ಇಡಿ, ಇಗ್ನಿಷನ್ ಮತ್ತು ಇಂಜೆಕ್ಟರ್ ಎರಡರ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ, ಪ್ರೊಪೆಲ್ಲರ್ ತಿರುಗುವ ವೃತ್ತದೊಳಗೆ ಯಾರೂ ನಿಲ್ಲಬಾರದು.

ಮೊದಲನೆಯದು ತಣ್ಣಗಿದ್ದಾಗಿನ ಒತ್ತಡ ಪರೀಕ್ಷೆ. ಕೂಲೆಂಟ್ ಪೂರ್ತಿ ತುಂಬಿ, ಕಾರ್ ಗ್ಯಾರೇಜುಗಳಲ್ಲಿ ಸಿಗುವ ರೇಡಿಯೇಟರ್ ಕೈಪಂಪಿನಿಂದ 15 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಏರಿಸಿ ಅರ್ಧ ಗಂಟೆ ಬಿಡಿ. ಹೊರಗೆಲ್ಲೂ ಹನಿ ಇಲ್ಲದೆ ಒತ್ತಡ ಇಳಿದರೆ ನಾಲ್ಕೂ ಪ್ಲಗ್ ಬಿಚ್ಚಿ. ಯಾವ ರೋಟರ್‌ನ ಪ್ಲಗ್ ಒದ್ದೆಯಾಗಿದೆಯೋ, ಸಿಹಿ ವಾಸನೆ ಬರುತ್ತಿದೆಯೋ, ಆ ಹೌಸಿಂಗ್‌ನ ಒಳ ಉಂಗುರ ಹೋಗಿದೆ. ತಂಪು ಎಂಜಿನ್ ಹತ್ತುವಾಗ ಮೊದಲ ಅರ್ಧ ನಿಮಿಷ ಬಿಳಿ ಹೊಗೆ ದಟ್ಟವಾಗಿ ಬರುತ್ತಿತ್ತೇ ಎಂದು ನಿಮ್ಮ ಗೆಳೆಯರನ್ನೂ ಕೇಳಿ. ರಾತ್ರಿಯಿಡೀ ಸೋರಿ ಒಳಗೆ ನಿಂತ ನೀರು ಹಾಗೆ ಹೊರಬರುತ್ತದೆ. ಅದು ಇಲ್ಲದೆ ಬಿಸಿಯಲ್ಲಿ ಮಾತ್ರ ಹತ್ತದಿದ್ದರೆ ಅನುಮಾನ ಉಂಗುರಕ್ಕಿಂತ ಸ್ಪ್ರಿಂಗ್ ಮೇಲೆ ಹೆಚ್ಚು.

ಎರಡನೆಯದು ಕಂಪ್ರೆಷನ್, ಅಂದರೆ ರೋಟರ್‌ನ ಪ್ರತಿ ಮುಖ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂಬ ಪರೀಕ್ಷೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ, ಥ್ರಾಟಲ್ ಪೂರ್ತಿ ತೆರೆದಿರಬೇಕು, ಸ್ಟಾರ್ಟರ್ ಸುಮಾರು 250 ಆರ್‌ಪಿಎಂ ತಿರುಗಿಸಬೇಕು. ಸಾಮಾನ್ಯ ಕಂಪ್ರೆಷನ್ ಗೇಜ್ ಸಾಕು, ಆದರೆ ಅದರ ತುದಿಯೊಳಗಿನ ವಾಲ್ವ್ ತೆಗೆಯಿರಿ. ವಾಲ್ವ್ ಇದ್ದರೆ ಮೂರು ಮುಖಗಳಲ್ಲಿ ಚೆನ್ನಾಗಿರುವ ಮುಖದ ಅಂಕಿ ಮಾತ್ರ ನಿಂತುಬಿಡುತ್ತದೆ, ಉಳಿದೆರಡರ ಕೊರತೆ ಮುಚ್ಚಿಹೋಗುತ್ತದೆ. ವಾಲ್ವ್ ತೆಗೆದರೆ ಮುಳ್ಳು ಮೂರು ಮೂರು ಸಲ ಪುಟಿಯುವುದು ಕಾಣುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಹಿಡಿದು ಒಂದೊಂದನ್ನೂ ಓದಿ. ಚದರ ಸೆಂಟಿಮೀಟರಿಗೆ 7 ಕೆ.ಜಿ. ಸುತ್ತಮುತ್ತ ಅಥವಾ ಮೇಲೆ ಇದ್ದರೆ ಎಂಜಿನ್ ಆರೋಗ್ಯವಾಗಿದೆ. 6ಕ್ಕಿಂತ ಕೆಳಗೆ ಬಿಸಿ ಸ್ಟಾರ್ಟ್ ಕಷ್ಟ. ಬಳ್ಳಾರಿ ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರದಲ್ಲಿದೆ, ಗಾಳಿಯೊತ್ತಡವೇ ಶೇ. 5ರಷ್ಟು ಕಡಿಮೆ. ಅಷ್ಟು ರಿಯಾಯಿತಿ ಕೊಡಿ.

ಅಂಕಿಗಿಂತ ಅದರ ವಿನ್ಯಾಸ ಹೆಚ್ಚು ಹೇಳುತ್ತದೆ. ಅಕ್ಕಪಕ್ಕದ ಎರಡು ಮುಖ ಬಿದ್ದು ಮೂರನೆಯದು ಚೆನ್ನಾಗಿದ್ದರೆ ಅವೆರಡರ ನಡುವಿನ ಮೂಲೆಯ ಒಂದು ಅಪೆಕ್ಸ್ ಸೀಲ್ ಹೋಗಿದೆ, ಏಕೆಂದರೆ ಒಂದು ಸೀಲ್ ಎರಡು ಮನೆಗಳ ನಡುವಿನ ಗೋಡೆ. ಒಂದೇ ಮುಖ ಬಿದ್ದಿದ್ದರೆ ರೋಟರ್ ಪಕ್ಕದ ಸೈಡ್ ಸೀಲ್ ಕಡೆ ನೋಡಿ. ಎರಡೂ ರೋಟರ್‌ಗಳ ಆರೂ ಮುಖ ಸಮನಾಗಿ ಇಳಿದಿದ್ದರೆ, ಕಾದ ಎಂಜಿನ್ನಿನ ಮಟ್ಟಿಗೆ ಅದು ಸ್ಪ್ರಿಂಗುಗಳು ಸೋತ ಗುರುತು. ಇದೇ ಪರೀಕ್ಷೆಯನ್ನು ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಬಿಸಿಯಿದ್ದಾಗ ಒಮ್ಮೆ ಮಾಡಿ. ಬಿಸಿ ಮಾಡಲು ಮಾತ್ರ ಬೆಳಗಿನ ತಂಪಿನಲ್ಲಿ ಸಣ್ಣ ಆರ್‌ಪಿಎಂನಲ್ಲಿ, ನೀರು 80 ಮುಟ್ಟುವ ತನಕ ಓಡಿಸಬಹುದು. ಅದೂ ಮೊದಲ ಪರೀಕ್ಷೆಯಲ್ಲಿ ಒಳಸೋರಿಕೆ ಕಾಣದಿದ್ದರೆ ಮಾತ್ರ.

ಒಂದು ಮಾತು ಮರೆಯಬಾರದು. ಮೇ ತಿಂಗಳಲ್ಲಿ ಮುಚ್ಚಿದ ಕೌಲಿಂಗ್ (ಎಂಜಿನ್ ಹೊದಿಕೆ) ಒಳಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿಯೂ ಬಿಸಿ ಎಂಜಿನ್ ಹತ್ತದೆ ಇರಬಹುದು. ಬಿಸಿಯಲ್ಲಿ ಹತ್ತದಿದ್ದಾಗ ಇಂಧನದ ಒತ್ತಡ ನೋಡಿ, ಅದು ಎಂದಿನಂತಿದ್ದರೆ ಪೆಟ್ರೋಲ್ ಮೇಲಿನ ಅನುಮಾನ ತೀರಿತು. ಆಮೇಲೆ ಪ್ರತಿ ರೋಟರ್‌ನ ಲೀಡಿಂಗ್ ಪ್ಲಗ್ (ಎರಡರಲ್ಲಿ ಮೊದಲು ಕಿಡಿ ಕೊಡುವುದು) ತೂತಿನಿಂದ ಒಂದು ಚಮಚ, ಅಂದರೆ 5 ಮಿ.ಲೀ. ಆಯಿಲ್ ಹಾಕಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಪ್ಲಗ್ ಹಾಕಿ ಪ್ರಯತ್ನಿಸಿ. ಹತ್ತಿತೆಂದರೆ ಕಂಪ್ರೆಷನ್ ಸೋತಿದೆ ಎಂಬುದು ಖಾತ್ರಿ.

ಬಿಚ್ಚಲೇಬೇಕೇ? ಒಳಸೋರಿಕೆ ಕಂಡರೆ ಅಥವಾ ಬಿಸಿ ಕಂಪ್ರೆಷನ್ 6ರ ಕೆಳಗಿದ್ದರೆ ಬಿಚ್ಚಬೇಕು, ಬೇರೆ ಮಾತಿಲ್ಲ. ರೇಡಿಯೇಟರ್‌ಗೆ ಹಾಕುವ ಸೋರಿಕೆ ಮುಚ್ಚುವ ಪುಡಿ, ದ್ರವ ಯಾವುದೂ ವಿಮಾನದ ಎಂಜಿನ್‌ಗೆ ಬೇಡ. ಅದು ಸೋರುವ ಜಾಗಕ್ಕಿಂತ ಮೊದಲು ರೇಡಿಯೇಟರಿನ ಸಣ್ಣ ಕೊಳವೆ ಮುಚ್ಚುತ್ತದೆ. ಬಿಚ್ಚಿದಾಗ ಕಬ್ಬಿಣದ ತಟ್ಟೆಯ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಅಳೆಯಿರಿ. 0.04 ಮಿ.ಮೀ.ಗಿಂತ ಹೆಚ್ಚು ಬಾಗಿದ್ದರೆ ಅದನ್ನು ಹಾಗೇ ಬಳಸುವಂತಿಲ್ಲ. ಹೌಸಿಂಗ್ ದಪ್ಪವನ್ನು ಮೈಕ್ರೋಮೀಟರ್‌ನಿಂದ ನಾಲ್ಕಾರು ಕಡೆ ಅಳೆದು, ಪ್ಲಗ್ ಬದಿಗೂ ಉಳಿದ ಕಡೆಗೂ ವ್ಯತ್ಯಾಸ 0.06 ಮಿ.ಮೀ. ದಾಟಿದ್ದರೆ ಆ ಹೌಸಿಂಗ್ ತೆಗೆದಿಡಿ. ಪ್ಲಗ್ ತೂತಿನ ಸುತ್ತ ಬಿರುಕು, ಒಳಮೈಯ ಕ್ರೋಮ್ ಪೊರೆ ಎದ್ದಿರುವುದು ಬೆರಳುಗುರಿಗೇ ಗೊತ್ತಾಗುತ್ತದೆ. ಹೌಸಿಂಗ್ ಚೆನ್ನಾಗಿದ್ದರೂ ನೀರಿನ ಎಲ್ಲ ಉಂಗುರ, ಆಯಿಲ್ ಓ-ರಿಂಗ್, ಅಪೆಕ್ಸ್ ಸ್ಪ್ರಿಂಗ್ ಹೊಸದೇ ಹಾಕಿ. ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿಟ್ಟು ಎತ್ತರ ನೋಡಿ. ಬಿಲ್ಲಿನಂತೆ ಬಾಗಿರಬೇಕಾದದ್ದು ಚಪ್ಪಟೆಯಾಗಿದ್ದರೆ ಆ ಮಧ್ಯಾಹ್ನದ ಮೂರ್ನಾಲ್ಕು ನಿಮಿಷ ಏನು ಮಾಡಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಈಗ ಮೀಟರ್‌ಗಳು. ನೀರಿಗೆ ಎರಡು ಉಷ್ಣಾಂಶ ಸೆನ್ಸರ್ ಬೇಕು: ಎಂಜಿನ್‌ನಿಂದ ಹೊರಬರುವಲ್ಲಿ ಒಂದು, ರೇಡಿಯೇಟರ್‌ನಿಂದ ಹೊರಬರುವಲ್ಲಿ ಇನ್ನೊಂದು. ಇವೆರಡರ ವ್ಯತ್ಯಾಸವೇ ರೋಗ ಎಲ್ಲಿದೆ ಎಂದು ಹೇಳುತ್ತದೆ. ನೀರಿಗೆ 60 ಕಿಲೋವ್ಯಾಟ್ ಶಾಖ ಬರುತ್ತಿದೆ, ನಿಮಿಷಕ್ಕೆ 100 ಲೀಟರ್ ಹರಿಯುತ್ತಿದೆ ಎಂದುಕೊಂಡರೆ ವ್ಯತ್ಯಾಸ 10 ಡಿಗ್ರಿ ಆಸುಪಾಸು ಬರುತ್ತದೆ. ಅದು 18, 20 ಆಗುತ್ತಿದ್ದರೆ ನೀರಿನ ಹರಿವು ಕಡಿಮೆ: ಪಂಪ್ ಬೆಲ್ಟ್ ಜಾರುತ್ತಿದೆ, ಹೋಸ್ ಹೀರಿ ಚಪ್ಪಟೆಯಾಗಿದೆ ಅಥವಾ ಗಾಳಿ ಸಿಕ್ಕಿದೆ. ಎರಡೂ ಒಟ್ಟಿಗೆ ಏರುತ್ತಾ ವ್ಯತ್ಯಾಸ ಕಡಿಮೆಯೇ ಇದ್ದರೆ ನೀರು ಓಡುತ್ತಿದೆ, ರೇಡಿಯೇಟರ್‌ಗೆ ಗಾಳಿ ಸಾಲದು.

ಮೂರನೆಯದು ಕೂಲೆಂಟ್ ಒತ್ತಡದ ಸೆನ್ಸರ್. ನನ್ನ ಲೆಕ್ಕದಲ್ಲಿ ಈ ಇಡೀ ಪಟ್ಟಿಯಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಇದನ್ನೇ ಕೊಳ್ಳಬೇಕು. 0ರಿಂದ 30 ಪಿಎಸ್‌ಐ ಅಳೆಯುವಂಥದ್ದು ಸಾಕು. 15 ಪಿಎಸ್‌ಐ ಕ್ಯಾಪ್ ಇರುವ ಬಿಗಿ ವ್ಯವಸ್ಥೆ ಬಿಸಿಯಾದಾಗ 8ರಿಂದ 14ರ ನಡುವೆ ನಿಲ್ಲುತ್ತದೆ. ಬಿಸಿ ಎಂಜಿನ್‌ನಲ್ಲಿ ಒತ್ತಡ 4ರ ಕೆಳಗೆ ಬಂದರೆ ಕೆಂಪು ದೀಪ ಹತ್ತಬೇಕು, 18 ದಾಟಿದರೂ ಹತ್ತಬೇಕು. ನಿಮ್ಮ ಪ್ಯಾನೆಲ್‌ನಲ್ಲಿ ಇದು ಇದ್ದಿದ್ದರೆ ಮುಳ್ಳು 78ಕ್ಕೆ ಬಂದ ಹೊತ್ತಿಗೆ ಒತ್ತಡ ಕುಸಿದಿರುವುದೂ ಕಾಣುತ್ತಿತ್ತು. ನೀರು, ಗ್ಲೈಕಾಲ್ 50-50 ಬೆರೆಸಿದ ಕೂಲೆಂಟ್ ಸಮುದ್ರಮಟ್ಟದಲ್ಲಿ ಒತ್ತಡವಿಲ್ಲದೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 15 ಪಿಎಸ್‌ಐ ಒತ್ತಡದಲ್ಲಿ 129ರ ಹತ್ತಿರ ಹೋಗುತ್ತದೆ. ಕ್ಯಾಪ್‌ನ ಸಣ್ಣ ರಬ್ಬರ್ ವಾಷರ್ ಮೇಲೆ ಈ 20 ಡಿಗ್ರಿ ಚಿಲ್ಲರೆ ನಿಂತಿದೆ. 10,000 ಅಡಿ ಏರಿದರೆ ಬರೀ ನೀರು 90 ಡಿಗ್ರಿಗೇ ಕುದಿಯುತ್ತದೆ ಎಂಬುದೂ ನೆನಪಿರಲಿ. ನಿಮ್ಮ ಎಂಜಿನ್ 112ರಲ್ಲಿ ಕುದಿದಿದ್ದರೆ ಕ್ಯಾಪ್ ಒತ್ತಡ ಹಿಡಿಯುತ್ತಿರಲಿಲ್ಲ ಎಂಬ ಅನುಮಾನ ಬಲವಾಗಿದೆ. ಅದನ್ನು ಅದೇ ಕೈಪಂಪಿನಿಂದ ಪರೀಕ್ಷಿಸಿ.

ಜೊತೆಗೆ ಹೆಡರ್ ಟ್ಯಾಂಕ್‌ನಲ್ಲಿ, ಅಂದರೆ ಕೂಲೆಂಟಿನ ಮೇಲ್ತೊಟ್ಟಿಯಲ್ಲಿ, ನೀರಿನ ಮಟ್ಟ ಇಳಿದರೆ ತಿಳಿಸುವ ಒಂದು ಸ್ವಿಚ್ ಹಾಕಿ. ಟ್ಯಾಂಕ್ ವ್ಯವಸ್ಥೆಯ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಎಂಜಿನ್‌ನ ಎತ್ತರದ ಬಿಂದುವಿನಿಂದಲೂ ರೇಡಿಯೇಟರ್ ತಲೆಯಿಂದಲೂ 5-6 ಮಿ.ಮೀ. ಒಳಗಾತ್ರದ ಸಣ್ಣ ಪೈಪ್ ಅಲ್ಲಿಗೆ ಏರಿ ಬರಬೇಕು. ಗಾಳಿ ಅದರಲ್ಲಿ ತಾನೇ ಹೊರಡುತ್ತದೆ.

ನೀರು ಇರಲಿ ಇಲ್ಲದಿರಲಿ ಸುಳ್ಳು ಹೇಳದ ಸೆನ್ಸರ್ ಎಂದರೆ ಲೋಹದ ಉಷ್ಣಾಂಶ ಅಳೆಯುವುದು. 14 ಮಿ.ಮೀ. ಪ್ಲಗ್ ಕೆಳಗೆ ಕೂರುವ ವಾಷರ್ ರೂಪದ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಸೇರಿಸಿದ ಉಷ್ಣಾಂಶ ಸೆನ್ಸರ್) ಸಿಗುತ್ತದೆ. ಪ್ರತಿ ರೋಟರ್‌ಗೆ ಒಂದು ಹಾಕಿ. ಅದು ಪ್ಲಗ್‌ನ ಮೂಲ ವಾಷರ್ ಬದಲಿಗೆ ಬರುತ್ತದೆ, ದಪ್ಪ ಮೂಲದಷ್ಟೇ ಇರಬೇಕು. ವಾಷರ್ ಇಲ್ಲದೆಯೋ ಉದ್ದ ಹೆಚ್ಚಿರುವ ಪ್ಲಗ್ಗನ್ನೋ ಹಾಕಿದರೆ ಅದರ ತುದಿ ಒಳಗೆ ಚಾಚಿ ಅಪೆಕ್ಸ್ ಸೀಲ್‌ಗೆ ಬಡಿಯುತ್ತದೆ. ಇದರಲ್ಲಿ ನೋಡಬೇಕಾದ್ದು ಖಾಯಂ ಅಂಕಿ ಅಲ್ಲ. ಎಲ್ಲ ಸರಿಯಿದ್ದ ದಿನ ಅದೇ ಆರ್‌ಪಿಎಂನಲ್ಲಿ ಎಷ್ಟಿತ್ತು ಎಂದು ಬರೆದಿಟ್ಟುಕೊಂಡು, ಅದಕ್ಕಿಂತ 20 ಡಿಗ್ರಿ ಏರಿದರೆ ಎಚ್ಚರವಾಗಿ.

ಆಯಿಲ್ ಸೆನ್ಸರ್ ಕೂಲರ್ ದಾಟಿ ಎಂಜಿನ್ ಒಳಗೆ ಹೋಗುವಲ್ಲಿರಲಿ. ಸಂಪ್‌ನಲ್ಲಿ, ಅಂದರೆ ತಳದ ಆಯಿಲ್ ತೊಟ್ಟಿಯಲ್ಲಿ ಇರುವುದು ಬೇರೆಯದೇ ಅಂಕಿ ತೋರಿಸುತ್ತದೆ. ನೀರು 80ರಿಂದ 95, ಆಯಿಲ್ 80ರಿಂದ 95 ದಿನದ ಅಂಕಿ. ನೀರು 100, ಆಯಿಲ್ 105 ಮುಟ್ಟಿದರೆ ಥ್ರಾಟಲ್ ಇಳಿಸಬೇಕು. ಯಾವುದೇ ಒಂದು 110 ಮುಟ್ಟಿದರೆ ನೆಲದಲ್ಲಿ ಓಟ ಮುಗಿಯಿತು. ಅಮೆರಿಕದವರು ಕೊಡುವ ಅಂಕಿಗಳು ಫ್ಯಾರನ್‌ಹೀಟ್‌ನಲ್ಲಿರುತ್ತವೆ: 180 ಎಂದರೆ ನಮ್ಮ 82, 210 ಎಂದರೆ 99.

ಸೈಲೆನ್ಸರ್ ಕಡೆಯ ಉಷ್ಣಾಂಶ ರೋಟರಿಯಲ್ಲಿ ತುಂಬ ಹೆಚ್ಚು, 850ರಿಂದ 950 ಡಿಗ್ರಿ ಮಾಮೂಲು. ಹೆದರಬೇಡಿ, ಸುಡಲು ಅಲ್ಲಿ ಎಕ್ಸಾಸ್ಟ್ ವಾಲ್ವೇ ಇಲ್ಲ. ಕೆ ಮಾದರಿಯ ಥರ್ಮೋಕಪಲ್, ಇಂಕೊನೆಲ್ (ಬಿಸಿ ತಾಳುವ ನಿಕ್ಕಲ್ ಮಿಶ್ರಲೋಹ) ಕವಚದ್ದು ತನ್ನಿ, ಸಾದಾ ಸ್ಟೀಲ್ ಕವಚ ಬೇಗ ತಿನ್ನಿಸಿಕೊಳ್ಳುತ್ತದೆ. ಒಂದು ರೋಟರ್‌ನದು ಇನ್ನೊಂದಕ್ಕಿಂತ ದಿಢೀರ್ ಬೇರೆಯಾದರೆ ಇಂಜೆಕ್ಟರ್ ಅಥವಾ ಪ್ಲಗ್ ನೋಡಿ.

ವೈರಿಂಗ್‌ನಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಥರ್ಮೋಕಪಲ್ ವೈರನ್ನು ಮಧ್ಯೆ ತಾಮ್ರದ ವೈರ್ ಹಾಕಿ ಉದ್ದ ಮಾಡಿದರೆ, ಜೋಡಿಸಿದ ಜಾಗದ ಬಿಸಿಗೂ ಮೀಟರ್ ಹಿಂದಿನ ಬಿಸಿಗೂ ಇರುವ ವ್ಯತ್ಯಾಸದಷ್ಟು ಅಂಕಿ ಕಡಿಮೆಯಾಗುತ್ತದೆ. ಜೋಡಣೆ 70 ಡಿಗ್ರಿಯ ಎಂಜಿನ್ ಕೋಣೆಯಲ್ಲಿದ್ದು ಮೀಟರ್ 40ರಲ್ಲಿದ್ದರೆ 30 ಡಿಗ್ರಿ ಮೋಸ. ಕೆ ಮಾದರಿಯದೇ ವೈರ್ ಬಳಸಿ, ಅಮೆರಿಕದ ಬಣ್ಣದ ಕ್ರಮದಲ್ಲಿ ಕೆಂಪು ಮೈನಸ್ ಎಂಬುದನ್ನೂ ಗಮನಿಸಿ. ಇನ್ನೊಂದು, ಒಂದೇ ವೈರಿನ ನೀರಿನ ಸೆನ್ಸರ್ ಅರ್ತಿಂಗನ್ನು ಎಂಜಿನ್ ಮೈಯಿಂದ ಪಡೆಯುತ್ತದೆ. ಥ್ರೆಡ್‌ಗೆ ಟೇಪ್ ಸುತ್ತಿ ಕೂರಿಸಿದರೆ ಅಂಕಿ ಓಲಾಡುತ್ತದೆ. ಲ್ಯಾಂಡಿಂಗ್ ಲೈಟ್ ಹಾಕಿದಾಗ ಮುಳ್ಳು ಕದಲಿದರೆ ರೋಗ ಅರ್ತಿಂಗ್‌ನಲ್ಲಿದೆ. ಎಲ್ಲ ಮುಗಿದ ಮೇಲೆ ಸೆನ್ಸರನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಮುಳುಗಿಸಿ ನೋಡಿ. ಬಳ್ಳಾರಿಯಲ್ಲಿ ಅದು 98 ಚಿಲ್ಲರೆ ತೋರಿಸಬೇಕು, 100 ಅಲ್ಲ.

ಇನ್ನು ಎಂಜಿನ್ ಕಾದದ್ದೇ ಯಾಕೆ? ಬಹುಪಾಲು ಉತ್ತರ ಬಿಸಿಲಿನಲ್ಲಿದೆ. ರೇಡಿಯೇಟರ್ ಹೊರಹಾಕುವ ಶಾಖ ನೀರಿಗೂ ಗಾಳಿಗೂ ಇರುವ ಅಂತರಕ್ಕೆ ತಕ್ಕಂತೆ. 15 ಡಿಗ್ರಿಯ ಊರಿನಲ್ಲಿ 95ರ ನೀರಿಗೆ ಅಂತರ 80. ನಮ್ಮ 42ರಲ್ಲಿ ಅಂತರ 53, ಅಂದರೆ ಮೂರರಲ್ಲಿ ಎರಡು ಪಾಲು. ಮೇಲೆ ಆ ಎತ್ತರ, ಆ ಬಿಸಿಯಲ್ಲಿ ಗಾಳಿಯೂ ಶೇ. 14ರಷ್ಟು ತೆಳು. ನೆಲದಲ್ಲಿ ಕಟ್ಟಿಹಾಕಿದ ವಿಮಾನದಲ್ಲಿ ಪ್ರೊಪೆಲ್ಲರ್‌ನ ಬುಡದ ಭಾಗ ಗಾಳಿ ತಳ್ಳುವುದು ಕಡಿಮೆ, ಗಾಳಿಬಾಯಿಗಳು ಇರುವುದು ಅಲ್ಲೇ. ಬೇರೆ ದೇಶದ ಕಿಟ್‌ನ ಅಳತೆ ನೋಡಿ ಕೂರಿಸಿದ ರೇಡಿಯೇಟರ್ ಇಲ್ಲಿ ಸೋತರೆ ಅಚ್ಚರಿಯಿಲ್ಲ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ, ಬಣ್ಣದ ನೀರು ಹಾಕಿ, ಒಂದು ತುದಿ ರೇಡಿಯೇಟರ್ ಮುಂದೆ, ಇನ್ನೊಂದು ಹಿಂದೆ ಇಡಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ರೇಡಿಯೇಟರ್ ಮೂಲಕ ಗಾಳಿ ತಳ್ಳುವ ಒತ್ತಡ. 80 ನಾಟ್‌ನಲ್ಲಿ ಏರುವಾಗ ಗಾಳಿ ಕೊಡಬಲ್ಲ ಪೂರ್ತಿ ಒತ್ತಡ ಸುಮಾರು 9 ಸೆಂ.ಮೀ. ನೀರಿನಷ್ಟು. ನೆಲದಲ್ಲಿ 1-2 ಸೆಂ.ಮೀ. ಮಾತ್ರ ಸಿಗುತ್ತಿದ್ದರೆ ಪೂರ್ಣ ಶಕ್ತಿಯ ಓಟವನ್ನು ಎರಡು ನಿಮಿಷಕ್ಕೆ ಮಿತಿಗೊಳಿಸಿ, ಅದೂ ಬೆಳಗ್ಗೆ ಏಳರೊಳಗೆ, ಮೂಗು ಗಾಳಿಗೆ ಎದುರಾಗಿ.

ಬಿಸಿಲೂರಿನಲ್ಲಿ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ಲಾರಿ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳ ವಾಡಿಕೆ. 13ಬಿಯಲ್ಲಿ ಹಾಗೆ ಮಾಡಿದ್ದರೆ ಅದೇ ಕಾರಣವಿರಬಹುದು. ಅದರ ಕೆಳಗೊಂದು ಬೈಪಾಸ್ ತೂತು ಇದೆ. ಥರ್ಮೋಸ್ಟಾಟ್ ತೆರೆದಾಗ ಅದರ ತಳ ಆ ತೂತನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ತೂತು ಸದಾ ತೆರೆದಿದ್ದು, ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ತೆಗೆಯುವುದಿದ್ದರೆ ಆ ತೂತಿಗೆ ಬಿರಡೆ ಹಾಕಲೇಬೇಕು.

ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು ಆಯಿಲ್ ಕೂಲರ್ ಫಿನ್‌ಗಳ ಮೇಲಿನ ಜಿಡ್ಡಿಗೆ ಅಂಟಿ ಇಟ್ಟಿಗೆಯಂತೆ ಕೂರುತ್ತದೆ. ಹಿಂಬದಿಯಿಂದ ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಿರಿ, ಪ್ರೆಷರ್ ವಾಷರ್ ಹಿಡಿದರೆ ಫಿನ್ ಮಡಚಿಹೋಗುತ್ತದೆ. ಕೂಲೆಂಟ್‌ಗೆ ಬೋರ್‌ವೆಲ್ ನೀರು ಬೆರೆಸಬೇಡಿ, ಅದರ ಉಪ್ಪು ಪ್ಲಗ್ ಸುತ್ತಲಿನ ಬಿಸಿ ಜಾಗದಲ್ಲೇ ಮೊದಲು ಪದರಗಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಚೆಲ್ಲಿದ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಕರು ನೆಕ್ಕಿದರೆ ಸಾಯುತ್ತವೆ. ಶೆಡ್ ನೆಲವನ್ನು ಕೂಡಲೇ ತೊಳೆಯಿರಿ.

ಇದೇ ಆಕಾಶದಲ್ಲಿ ಆದರೆ? ಒತ್ತಡದ ದೀಪ ಹತ್ತಿ ನೀರಿನ ಮುಳ್ಳು ಇಳಿಯತೊಡಗಿದರೆ ನೀರು ಹೋಯಿತೆಂದೇ ತಿಳಿಯಿರಿ. ಥ್ರಾಟಲ್ ಅರ್ಧಕ್ಕೆ ಇಳಿಸಿ, ಮೂಗು ತಗ್ಗಿಸಿ ವೇಗ ಹೆಚ್ಚಿಸಿ, ಗಾಳಿಗೆ ಬೆರೆಯುವ ಇಂಧನದ ಪಾಲು ಸ್ವಲ್ಪ ಹೆಚ್ಚಿಸಿ, ಹತ್ತಿರದ ಇಳಿಯುವ ಜಾಗಕ್ಕೆ ತಿರುಗಿ. ಎಂಜಿನ್ ಉಳಿಸಲೆಂದು ಗಾಳಿಯಲ್ಲಿ ನಿಲ್ಲಿಸಬೇಡಿ, ನಿಲ್ಲಿಸಿದ ಮೇಲೆ ಅದು ಮತ್ತೆ ಹತ್ತುತ್ತದೆ ಎಂಬ ಭರವಸೆ ಇಲ್ಲ. ರನ್‌ವೇ ಖಚಿತವಾಗಿ ಕೈಗೆ ಸಿಗುವ ತನಕ ಅದು ತಿರುಗಲಿ. ಎಂಜಿನ್ ಹೋದರೆ ಹೋಗಲಿ.

ಜೋಡಿಸಿದ ಮೇಲಿನ ಮೊದಲ ಓಟ ಹೀಗಿರಲಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಒತ್ತಡದ ಮೀಟರನ್ನೇ ನೋಡುತ್ತಿರಿ. ನೀರು ಇನ್ನೂ ಉಗುರುಬೆಚ್ಚಗಿರುವಾಗಲೇ, ಮೊದಲ ಒಂದು ನಿಮಿಷದಲ್ಲೇ ಒತ್ತಡ ಜಿಗಿದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿದೆ, ನಿಲ್ಲಿಸಿ. ಉಷ್ಣಾಂಶದ ಜೊತೆಜೊತೆಗೇ ನಿಧಾನ ಏರಿದರೆ ಸರಿ. ನೀರು 85ಕ್ಕೆ ಬಂದ ಮೇಲೆ 1,800 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಬಿಟ್ಟು ನಿಲ್ಲಿಸಿ. ಮರುದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮೀಟರ್ ಸೊನ್ನೆಯಲ್ಲಿರಬೇಕು. ಕ್ಯಾಪ್ ತಿರುಗಿಸಿದಾಗ ಸುಸ್ ಎಂದು ಗಾಳಿ ಹೊರಬಂದರೆ ರಾತ್ರಿಯಿಡೀ ಒಳಗೆ ಅನಿಲ ನಿಂತಿತ್ತೆಂದು ಅರ್ಥ. ಒಳ ಉಂಗುರ ಸರಿಯಾಗಿ ಕೂತಿಲ್ಲ, ಮತ್ತೆ ಬಿಚ್ಚಬೇಕು.